ಒಂದು ಗಂಟು ನಮ್ಮಲ್ಲಿರಲಿ

ನಮ್ಮ ಮನೆಯ ಬಾಗಿಲು ಹಗಲು ಹೊತ್ತಿನಲ್ಲೂ ಹಾಕಿಯೇ ಇರುತ್ತಿತ್ತು. ಗಾಳಿ ಬಡಿದರೆ ನೆನೆಸಿಟ್ಟ ಬೀಡಿ ಎಲೆ ಒಣಗಿ ಹರಿಯುತ್ತದೆ ಎಂದು ಅಮ್ಮ ಹೇಳುತ್ತಿದ್ದಳು. ಅದು ಅರ್ಧ ನಿಜ. ಉಳಿದ ಅರ್ಧ ಏನೆಂದರೆ, ಅಮ್ಮನಿಗೆ ಈ ಲೋಕದಲ್ಲಿ ಯಾರ ಮೇಲೂ ನಂಬಿಕೆ ಇರಲಿಲ್ಲ. ಹಂಚಿನ ಕಾರ್ಖಾನೆಯ ಕೆಲಸದವರಿಗೆಂದು ಕಟ್ಟಿದ ಲೈನು ಮನೆ ನಮ್ಮದು. ಒಂದು ಕೋಣೆ, ಅದರ ಹಿಂದೆ ಹೊಗೆ ತುಂಬಿದ ಅಡುಗೆ ಕೋಣೆ, ಅಷ್ಟೇ. ಅಪ್ಪ ಕಾರ್ಖಾನೆಯಿಂದ ಬಂದು ಅಂಗಿ ತೆಗೆದರೆ ಅಮ್ಮ ಅದನ್ನು ಒಗೆಯುವ ಮೊದಲು ಮೂಸಿ ನೋಡುತ್ತಿದ್ದಳು. ಮೀನಿನವಳು ಬುಟ್ಟಿ ಇಳಿಸಿದರೆ ಬಂಗುಡೆಯ ಕಿವಿರು ಎತ್ತಿ, ಕಣ್ಣು ಒತ್ತಿ, ಮತ್ತೆ ಮೀನಿನವಳ ಮುಖ ನೋಡುತ್ತಿದ್ದಳು. ಬೆಲ್ಲದ ಭರಣಿಯ ಬಾಯಿಗೆ ಬಟ್ಟೆ ಕಟ್ಟಿದರೆ ಆ ಗಂಟು ಅವಳಿಗೆ ಮಾತ್ರ ಗೊತ್ತಿರುವ ಗಂಟು. ಬೇರೆ ಯಾರು ಬಿಚ್ಚಿ ಕಟ್ಟಿದರೂ ತಿಳಿದುಬಿಡುತ್ತಿತ್ತು, ಆಮೇಲೆ ನನ್ನ ಬಾಯಿ ಮೂಸುತ್ತಿದ್ದಳು. ನಾನು ಶಾಲೆಯಿಂದ ಬಂದು ಬಾಗಿಲು ತಟ್ಟಿದರೂ ದಿನಾ ಇದೇ ರಗಳೆ.

"ಯಾರು?"

"ನಾನಮ್ಮ."

"ನಾನು ಅಂತ ಕಳ್ಳನೂ ಹೇಳ್ತಾನೆ. ಹೆಸರು ಹೇಳು."

"ಗುಲಾಬಿ!"

ಆಮೇಲೆ ಅಗುಳಿ ಸರಿಯುತ್ತಿತ್ತು. ನಾವು ಮನೆಯಲ್ಲಿ ಆಡುವುದು ತುಳು. ನನಗೆ ಬರೆಯಲು ಬರುವುದು ಮೂರನೇ ಕ್ಲಾಸಿನವರೆಗೆ ಕಲಿತ ಕನ್ನಡ. ಹಾಗಾಗಿ ಆಡಿದ್ದನ್ನೆಲ್ಲ ಕನ್ನಡ ಮಾಡಿ ಬರೆಯುತ್ತಾ ಇದ್ದೇನೆ, ಅದೂ ಮೊಮ್ಮಗಳ ಗೆರೆ ಪುಸ್ತಕದಲ್ಲಿ. ತಪ್ಪಿದ್ದರೆ ನೀವು ಸರಿ ಮಾಡಿಕೊಳ್ಳಿ. ಅರುವತ್ತು ದಾಟಿದ ಮೇಲೆ ಹೊಟ್ಟೆಯೊಳಗೆ ಇಷ್ಟು ಸಂತೋಷ ತುಂಬಿದರೆ ಯಾರಿಗಾದರೂ ಹೇಳದೆ ಇರಲಿಕ್ಕೆ ಆಗುವುದಿಲ್ಲ.

ಮಧ್ಯಾಹ್ನ ಗಂಜಿ ಊಟವಾದ ಮೇಲೆ ಲೈನಿನ ಹೆಂಗಸರು ತಮ್ಮ ತಮ್ಮ ಗೆರಸೆ ಎತ್ತಿಕೊಂಡು ನಮ್ಮ ಮನೆಗೇ ಬರುತ್ತಿದ್ದರು. ಮಡಿಲಲ್ಲಿ ಗೆರಸೆ, ಗೆರಸೆಯಲ್ಲಿ ಎಲೆ, ಹೊಗೆಸೊಪ್ಪು, ನೂಲು. ಬೀಡಿ ಕಟ್ಟುವ ಕೈಗೆ ಕಣ್ಣು ಬೇಡ, ಆದರೆ ಕಿವಿಗೆ ಏನಾದರೂ ಬೇಕು, ಇಲ್ಲದಿದ್ದರೆ ನಿದ್ದೆ ಬರುತ್ತದೆ. ಅದಕ್ಕೆ ಅಮ್ಮನ ಕಥೆ. ಅಮ್ಮ ಕಥೆಯನ್ನು ಅರ್ಧ ಹೇಳಿ ಅರ್ಧ ಹಾಡುತ್ತಿದ್ದಳು. ದನಿ ಏನೂ ಚೆಂದದ್ದಲ್ಲ, ಹೊಗೆಸೊಪ್ಪಿನ ಧೂಳು ಕುಡಿದ ದನಿ. ಆದರೆ ಅವಳು ಎಳೆದು ಹಾಡಿದರೆ ಎಲ್ಲರ ಬೆರಳೂ ನಿಧಾನ, ಅವಸರ ಮಾಡಿದರೆ ಎಲ್ಲರ ಬೆರಳೂ ಓಟ. ದೊಡ್ಡವಳಾದ ಮೇಲೆ ನನಗೆ ಗೊತ್ತಾಯಿತು, ಸಂಜೆ ಎಲೆ ಉಳಿದಿದ್ದರೆ ಅವಳು ಕಥೆಯಲ್ಲಿ ಹುಲಿಯನ್ನು ಬಿಡುತ್ತಿದ್ದಳು! ಎಲ್ಲರಿಗೂ ಬೇಕಾದ ಕಥೆ ದುಗ್ಗುವಿನದ್ದು. ದುಗ್ಗು ಅಂದರೆ ಮೂರು ಹೊಳೆಯಾಚೆ ಮದುವೆ ಮಾಡಿ ಕೊಟ್ಟ ಹುಡುಗಿ. ಗಂಡನ ಮನೆಯಲ್ಲಿ ಕಷ್ಟ ತಡೆಯದೆ ತವರಿಗೆ ಹೊರಡುತ್ತಾಳೆ. ಒಂದನೇ ಹೊಳೆ ಕೇಳುತ್ತದೆ, "ದಾಟಿಸಿದರೆ ಏನು ಕೊಡುವೆ?" ಬಳೆ ಕೊಡುತ್ತಾಳೆ. ಎರಡನೇ ಹೊಳೆಗೆ ಮುಡಿಯ ಹೂ, ಮುಡಿಯ ಹಣಿಗೆ. ಮೂರನೇ ಹೊಳೆ ಕುತ್ತಿಗೆ ಮಟ್ಟದ್ದು. ಅದಕ್ಕೆ ಬಳೆಯೂ ಬೇಡ ಹೂವೂ ಬೇಡ. "ನಿನ್ನ ಹೆಸರು ಕೊಡು" ಅನ್ನುತ್ತದೆ. ದುಗ್ಗು ಹೆಸರನ್ನು ನೀರಿಗೆ ಬಿಟ್ಟು ದಾಟಿ, ಕತ್ತಲಾಗುವಾಗ ತವರಿನ ಬಾಗಿಲು ತಟ್ಟುತ್ತಾಳೆ. "ಯಾರು?" ಅನ್ನುತ್ತಾಳೆ ತಾಯಿ ಒಳಗಿಂದ. ಬಾಗಿಲು ತೆರೆಯಿತು, ದೀಪ ಹಚ್ಚಿದರು, ಬಾಳೆಲೆ ಹಾಸಿದರು. ಅಲ್ಲಿಗೆ ಕಥೆ ಮುಗಿಯಿತು.

ನಿಮಗೆ ಈಗ ಪೂರ್ತಿ ಹೇಳಿಬಿಟ್ಟೆ. ಗೆರಸೆಯವರಿಗೆ ಅಮ್ಮ ಪೂರ್ತಿ ಹೇಳುತ್ತಿರಲಿಲ್ಲ. ಅವರ ಮುಂದೆ ಮೂರನೇ ಹೊಳೆ ಯಾವಾಗಲೂ ಒಣಗಿರುತ್ತಿತ್ತು. ದುಗ್ಗು ಮರಳ ಮೇಲೆ ಸುಮ್ಮನೆ ನಡೆದುಹೋಗುತ್ತಿದ್ದಳು. ಒಮ್ಮೆ ನಮ್ಮ ಲಕ್ಷ್ಮಿ ಚಿಕ್ಕಮ್ಮ, ಅಪ್ಪನ ತಮ್ಮನ ಹೆಂಡತಿ, ಪಕ್ಕದ ಲೈನಿನಲ್ಲಿ ಕೂತು ಇದೇ ಕಥೆಯನ್ನು ತನ್ನ ತವರಿನದ್ದು ಎಂದು ಹೇಳಿದಳಂತೆ. ಅಮ್ಮನಿಗೆ ಸುದ್ದಿ ಬಂತು. ಗೆರಸೆಯನ್ನೂ ಇಳಿಸದೆ ಹೋಗಿ ಬಾಗಿಲ ಹತ್ತಿರ ನಿಂತು ಕೇಳಿದಳು.

"ಲಕ್ಷ್ಮೀ, ನಿನ್ನ ತವರಿನ ಕಡೆ ಮೂರನೇ ಹೊಳೆಯಲ್ಲಿ ನೀರು ಉಂಟಾ ಇಲ್ವಾ?"

"ಇಲ್ಲಕ್ಕ, ಒಣಗಿದ್ದು."

"ಹಾಂ, ಹಾಗಾದ್ರೆ ಅದು ನಮ್ಮ ಮನೆಯಿಂದ ಕದ್ದ ಹೊಳೆ."

ಆಮೇಲೆ ಎರಡು ವರ್ಷ ಚಿಕ್ಕಮ್ಮನೊಟ್ಟಿಗೆ ಮಾತಿಲ್ಲ. ಮೂರನೇ ಕ್ಲಾಸು ಬಿಡಿಸಿ ನನ್ನ ಕೈಗೆ ಎಲೆ ಕತ್ತರಿಸುವ ಕತ್ತರಿ ಕೊಟ್ಟ ದಿನ, ನಾನು ಅಳುತ್ತಾ ಕೂತಿದ್ದಾಗ, ಅಮ್ಮ ಬಾಗಿಲು ಹಾಕಿ ನನಗೊಬ್ಬಳಿಗೇ ಹೆಸರು ಕೇಳುವ ಹೊಳೆಯನ್ನು ಹೇಳಿದಳು.

"ಯಾರಿಗೂ ಪೂರ್ತಿ ಕೊಡಬೇಡ. ಒಂದು ಗಂಟು ನಮ್ಮಲ್ಲಿರಲಿ. ಕದ್ದವರು ಯಾರೂಂತ ಆವಾಗ ಗೊತ್ತಾಗ್ತದೆ."

ನನಗೆ ಚಿನ್ನ ಹಾಕಲಿಲ್ಲ, ಶಾಲೆ ಕೊಡಲಿಲ್ಲ. ಆದರೆ ಯಾರನ್ನೂ ನಂಬದ ನನ್ನ ಅಮ್ಮ ನನ್ನೊಬ್ಬಳನ್ನು ನಂಬಿ ಪೂರ್ತಿ ಕೊಟ್ಟಳು ಎಂಬ ಗತ್ತಿನಲ್ಲಿಯೇ ನಾನು ಇಷ್ಟು ವರ್ಷ ಬದುಕಿದ್ದು.

ಈಗ ನಾನಿರುವುದು ದುಬೈಯ ಕರಾಮದಲ್ಲಿ, ಮಗಳು ಶೋಭಾಳ ಫ್ಲ್ಯಾಟಿನಲ್ಲಿ. ಅವಳು ಆಸ್ಪತ್ರೆಯಲ್ಲಿ ನರ್ಸು, ಅಳಿಯ ಹೋಟೆಲಿನಲ್ಲಿ. ಇಬ್ಬರಿಗೂ ಶಿಫ್ಟು. ಮಗು ನನ್ನದು. ಮಗು ಅಂದರೆ ಆದ್ಯ, ಒಂಬತ್ತು ವರ್ಷ, ದೃಷ್ಟಿ ತಾಗದಿರಲಿ, ನಕ್ಕರೆ ಇಡೀ ಬಿಲ್ಡಿಂಗಿಗೆ ಕೇಳಬೇಕು! ಅಮ್ಮನ ಅನುಮಾನವೆಲ್ಲ ನನ್ನೊಟ್ಟಿಗೆ ವಿಮಾನ ಹತ್ತಿ ಬಂದಿದೆ. ಕೆಳಗಿನ ಗ್ರೋಸರಿಯವನ ಕೊತ್ತಂಬರಿ ಕಟ್ಟನ್ನು ಬಿಚ್ಚಿ ನಡುವೆ ಹಳದಿ ಎಲೆ ಉಂಟಾ ನೋಡುತ್ತೇನೆ. ಲಿಫ್ಟಿನಲ್ಲಿ ಯಾರಾದರೂ ಮಗುವಿಗೆ ಚಾಕಲೇಟು ಕೊಟ್ಟರೆ ನನ್ನ ಕೈ ಮುಂದೆ ಹೋಗುತ್ತದೆ. ಬಾಗಿಲಿಗೆ ಸರಪಳಿ ಉಂಟು, ನಡುವೆ ಒಂದು ಗಾಜಿನ ಕಣ್ಣು ಉಂಟು, ನನಗೆ ಎರಡೂ ಸಾಲುವುದಿಲ್ಲ. ಶಾಲೆಯ ಬಸ್ಸು ಬಿಟ್ಟು ಆದ್ಯ ಮೇಲೆ ಬಂದರೂ ನಾನು ಒಳಗಿಂದ ಕೇಳದೆ ಇರುವುದಿಲ್ಲ.

"ಯಾರದು?"

"ಇಟ್ಸ್ ಮೀ ಅಜ್ಜಿ, ಓಪನ್!"

"ಈ ಊರಲ್ಲಿ ಎಲ್ಲರೂ ಮೀ. ನೀನು ಯಾವ ಮೀ?"

"ಅಯ್ಯೋ ಅಜ್ಜಿ... ಬಡವಾಪುಂಡು!"

ಬಡವಾಪುಂಡು ಅಂದರೆ ತುಳುವಿನಲ್ಲಿ ಹಸಿವಾಗುತ್ತದೆ ಅಂತ. ಮೊನ್ನೆ ಮೊನ್ನೆಯವರೆಗೆ ದಿನಕ್ಕೆ ಇದೊಂದೇ ಮಾತು ಅವಳ ಬಾಯಲ್ಲಿ ನಮ್ಮದು; ನಾವು ಆಡಿದ್ದು ತಿಳಿಯುತ್ತದೆ, ಅವಳು ಆಡುವುದೆಲ್ಲ ಇಂಗ್ಲಿಷು. ಇದನ್ನು ಹೇಳದೆ ನಾನು ಸರಪಳಿ ತೆಗೆಯುವವಳಲ್ಲ. ಶೋಭಾ ಬೈಯುತ್ತಾಳೆ.

"ಇದೆಂತ ಅಮ್ಮ, ಇಮಿಗ್ರೇಶನ್‌ನವರೂ ಹೀಗೆ ನಿಲ್ಲಿಸುವುದಿಲ್ಲ."

ಈ ಬಾಗಿಲಿಗೆ ಒಂದು ದಿನ ನೆಲ್ಲಮ್ಮ ಬಂದಳು. ಹೆಸರು ನೆಲ್ ಅಂತ, ನನ್ನ ನಾಲಗೆಗೆ ಅದು ನೆಲ್ಲಮ್ಮ. ಇಂಗ್ಲೆಂಡಿನ ಹೆಂಗಸು. ನನಗಿಂತ ಎರಡು ಮೂರು ವರ್ಷ ದೊಡ್ಡವಳು, ಬಿಳಿ ಜಡೆ, ಗಂಡಸರ ಚಪ್ಪಲಿ. ಡಿಸ್ಕವರಿ ಗಾರ್ಡನ್ಸ್‌ನಲ್ಲಿ ಮಗನ ಮನೆಗೆ ಬಂದಿದ್ದವಳು ಊದ್ ಮೇಥಾದ ಆದ್ಯಳ ಶಾಲೆಗೆ ಕಥೆ ಹೇಳಲು ಹೋಗಿದ್ದಳು. ನನ್ನ ಬಂಗಾರ ಅಲ್ಲಿ ಎದ್ದು ನಿಂತು, ನಮ್ಮ ಅಜ್ಜಿಗೂ ಕಥೆ ಗೊತ್ತುಂಟು ಎಂದುಬಿಟ್ಟಿದೆ! ಶೋಭಾ ಚಹಾಕ್ಕೆ ಕರೆದಳು. ನಾನು ಗಾಜಿನ ಕಣ್ಣಿನಿಂದ ಬಹಳ ಹೊತ್ತು ನೋಡಿದೆ. ಕೈಯಲ್ಲಿ ವಾದ್ಯ ಇಲ್ಲ, ಪುಸ್ತಕ ಇಲ್ಲ, ರೆಕಾರ್ಡು ಮಾಡುವ ಯಂತ್ರ ಇಲ್ಲ. ಹಾಡುವವಳು ಅನ್ನುತ್ತಾರೆ, ಖಾಲಿ ಕೈಯಲ್ಲಿ ಬಂದಿದ್ದಾಳೆ ಎಂದರೆ ತುಂಬಿಸಿಕೊಂಡು ಹೋಗಲಿಕ್ಕೇ ಬಂದದ್ದು ಎಂದುಕೊಂಡೆ.

ಅವಳ ಕೆಲಸದ ವಿಷಯ ನನಗೆ ತಿಳಿದದ್ದೆಲ್ಲ ಆದ್ಯಳ ಬಾಯಿಂದ. ಅವಳು ಹೇಳುವುದು, ಮಗು ಅದನ್ನು ನನಗೆ ತುಳು ಮಾಡಿ ಹೇಳುವುದು. ಮೊದಮೊದಲು ಮೂರು ಮಾತಿಗೆ ಒಂದು ನಮ್ಮದು, ಬರುಬರುತ್ತಾ ಮೂರಕ್ಕೆ ಎರಡು. ಇಪ್ಪತ್ತು ವರ್ಷದವಳಿದ್ದಾಗ ನೆಲ್ಲಮ್ಮ ಒಂದು ಹಳೇ ಕಾರಿನಲ್ಲಿ ಹೊರಟದ್ದಂತೆ. ಹಳ್ಳಿಯ ಹೆಂಡದಂಗಡಿಯ ಒಳಕೋಣೆಯಲ್ಲಿ, ಶಾಲೆಯಲ್ಲಿ, ಮುದುಕರನ್ನು ಇಟ್ಟುಕೊಳ್ಳುವ ಮನೆಗಳಲ್ಲಿ ಹಾಡುವುದು, ಕಥೆ ಹೇಳುವುದು, ಯಾರದೋ ಅಡುಗೆ ಕೋಣೆಯ ಬೆಂಚಿನ ಮೇಲೆ ಮಲಗುವುದು. ಹೊಸ ಹಾಡು ಬೇಕಿದ್ದರೆ ಹಳಬರ ಮನೆಗೆ ಹೋಗಿ ಕೇಳುವುದಿಲ್ಲ, ಕೆಲಸಕ್ಕೆ ಕೂರುವುದು. ಒಬ್ಬಳು ಮುದುಕಿಯ ಒಂದು ಹಾಡಿಗಾಗಿ ಮೂರು ಮಧ್ಯಾಹ್ನ ಬಟಾಣಿ ಸುಲಿದಳಂತೆ. ಬರೆದುಕೊಳ್ಳುವುದಿಲ್ಲ. ಬರೆದರೆ ಕಾಗದ ನೆನಪಿಟ್ಟುಕೊಳ್ಳುತ್ತದೆ, ನಾನು ಮರೆಯುತ್ತೇನೆ ಅನ್ನುತ್ತಾಳೆ. ಹಾಡುವಾಗ ಎರಡು ಕೈ ಮೊಣಕಾಲ ಮೇಲೆ, ಕಣ್ಣು ಮುಚ್ಚಿ, ಮೈ ಅಲ್ಲಾಡಿಸದೆ ಹಾಡುತ್ತಾಳೆ. ಮೊದಲು ಏಸಿ ಆರಿಸಬೇಕು, ಬೆಚ್ಚಗಿನ ನೀರು ಬೇಕು. ಮತ್ತೆ ಪ್ರತಿ ಹಾಡಿಗೂ ಮುಂಚೆ, ಇದನ್ನು ನನಗೆ ಕೊಟ್ಟದ್ದು ಇಂಥ ದನ ಕಾಯುವವನು, ಅವನಿಗೆ ಕೊಟ್ಟದ್ದು ಅವನ ಅತ್ತೆ ಎಂದು ಹೆಸರು ಹೇಳಿಯೇ ಶುರು ಮಾಡುವುದು. ಅದು ಅವರ ಕಸುಬಿನ ಮರ್ಯಾದೆಯಂತೆ.

ನನಗೆ ಆ ಮರ್ಯಾದೆಯ ಮೇಲೆಯೇ ಹೆಚ್ಚು ಅನುಮಾನ. ನಾನು ಸತ್ತ ಮೇಲೆ ಯಾವುದೋ ಹೆಂಡದಂಗಡಿಯಲ್ಲಿ ನನ್ನ ಅಮ್ಮನ ಹೆಸರು ಹೇಳಿ ದುಗ್ಗುವನ್ನು ಮಾರಿದರೆ? ಎರಡನೇ ವಾರವೂ ಬಂದಳು, ಮೂರನೇ ವಾರವೂ ಬಂದಳು. ಬಂದವಳು ನನ್ನ ಎದುರು ನೆಲದಲ್ಲೇ ಕೂತು ಬಸಳೆ ದಂಟು ಮುರಿಯಲು ಶುರು ಮಾಡಿದಳು. ಬಟಾಣಿಯ ಕಥೆ ನನಗೆ ನೆನಪಿಲ್ಲವಾ? ಓಹೋ ಎಂದುಕೊಂಡೆ. ಶೋಭಾಳನ್ನು ಅಡುಗೆ ಕೋಣೆಗೆ ಕರೆದೆ.

"ಇವಳು ಬಸಳೆಗೆ ಬಂದವಳಲ್ಲ ಮಾರಾಯ್ತಿ, ಕಥೆಗೆ ಬಂದವಳು."

"ಕೊಡು. ನೀನು ಅದನ್ನು ಇಟ್ಟುಕೊಂಡು ಎಂತ ಮಾಡ್ತೀ? ನಾನೇ ಕೇಳಲಿಲ್ಲ."

ಆ ಮಾತು ಚುಚ್ಚಿತು. ನಿಜ, ನನ್ನ ಮಗಳು ಒಂದು ದಿನವೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೊರಗೆ ಬಂದು ಕೂತು ದುಗ್ಗುವಿನ ಕಥೆ ಶುರು ಮಾಡಿದೆ. ಆದರೆ ನಾನು ಯಾರ ಮಗಳು? ಒಂದನೇ ಹೊಳೆಗೆ ಬಳೆ, ಎರಡನೇ ಹೊಳೆಗೆ ಹಣಿಗೆ, ಮೂರನೇ ಹೊಳೆ ಒಣಗಿತ್ತು. ನಾನು ಹೇಳಿದ ಒಂದೊಂದು ಸಾಲನ್ನೂ ಆದ್ಯ ನಿಲ್ಲಿಸಿ, ಅರ್ಥ ಕೇಳಿ, ಇಂಗ್ಲಿಷು ಮಾಡಿ ಕೊಟ್ಟಳು. ನೆಲ್ಲಮ್ಮ ಕಣ್ಣು ಮುಚ್ಚಿ ಕೇಳಿದಳು. ನನಗೆ ಒಳಗೊಳಗೇ ನಗು. ಹೋಗು, ಒಣ ಹೊಳೆಯನ್ನು ಹೊತ್ತುಕೊಂಡು ಹೋಗು ಎಂದುಕೊಂಡೆ.

ನಾಲ್ಕು ದಿನ ಕಳೆಯಿತು. ಬಾಗಿಲಲ್ಲಿ ಬಡವಾಪುಂಡು ಕೇಳಿದೊಡನೆ ತೆಗೆದರೆ, ಮಗು ಚೀಲ ಎಸೆದು ನನ್ನ ಸೊಂಟ ಹಿಡಿದು ಕುಣಿಯುತ್ತದೆ! ಕ್ಲಾಸಿನಲ್ಲಿ ಎಲ್ಲರೂ ಮನೆಯ ಒಂದು ಕಥೆ ಹೇಳಬೇಕಿತ್ತಂತೆ. ಇವಳು ದುಗ್ಗುವಿನ ಕಥೆ ಹೇಳಿದಳಂತೆ. ಹೊಳೆಗಳ ಹಾಡನ್ನು ಇಂಗ್ಲಿಷಿನಲ್ಲಿ ಅಲ್ಲ, ತುಳುವಿನಲ್ಲೇ ಹಾಡಿದಳಂತೆ. ಮುಂದಿನ ವಾರ ಶಾಲೆಯ ದೊಡ್ಡ ಹಾಲ್‌ನಲ್ಲಿ ನೆಲ್ಲಮ್ಮನ ಪಕ್ಕ ನಿಂತು ಹಾಡಬೇಕಂತೆ.

"ನನ್ನ ಎದುರು ಹಾಡು ಬಂಗಾರ, ಒಮ್ಮೆ ಹಾಡು."

ಹಾಡಿತು. ನನ್ನ ಅಮ್ಮನ ಎಳೆತ, ಅಮ್ಮನ ತಡೆತ, ಎಲ್ಲ ಆ ಸಣ್ಣ ಗಂಟಲಿನಲ್ಲಿ! ಕರಾಮದ ಈ ಸೋಫಾದ ಮೇಲೆ ಕೂತು ನಾನು ಎಂಟು ವರ್ಷದವಳಾಗಿ ಹೋದೆ. ನನ್ನ ಕೈಬೆರಳುಗಳು ತಾವಾಗಿಯೇ ಇಲ್ಲದ ಎಲೆಯನ್ನು ಸುರುಳಿ ಸುತ್ತುತ್ತಿದ್ದವು. ಆಮೇಲೆ ಮಗು ಹಾಡಿತು, ಮೂರನೇ ಹೊಳೆಯಲ್ಲಿ ನೀರಿಲ್ಲ. ಕಳ್ಳಿಗೆಂದು ಹಾಕಿದ ಗುರುತನ್ನು ನಾನು ನನ್ನ ಮೊಮ್ಮಗಳ ಬಾಯಿಗೆ ಹಾಕಿದ್ದೆ. ನೀರಿದ್ದ ಹೊಳೆಯನ್ನು ಹೇಳಿಬಿಡಬೇಕೆಂದುಕೊಂಡೆ, ಆದರೆ ಧೈರ್ಯ ಬರಲಿಲ್ಲ. ಇವಳಿಗೆ ಹೇಳಿದರೆ ಹಾಲ್‌ನಲ್ಲಿ ಹಾಡುತ್ತಾಳೆ, ಹಾಡಿದರೆ ಅದು ನೆಲ್ಲಮ್ಮನಿಗೂ ಹೋಗುತ್ತದೆ. ಎರಡು ದಿನ ನನಗೆ ಅನ್ನ ಸೇರಲಿಲ್ಲ.

ಹಾಲ್‌ನಲ್ಲಿ ಹಾಡುವ ಹಿಂದಿನ ದಿನ ನೆಲ್ಲಮ್ಮ ಬಂದಳು. ಮೆಟ್ರೋ ಇಳಿದು ಬಿಸಿಲಲ್ಲಿ ನಡೆದು ಮುಖ ಕೆಂಪಾಗಿತ್ತು. ಚಹಾ ಮುಟ್ಟಲಿಲ್ಲ, ಬಸಳೆಯ ಬುಟ್ಟಿ ಎಳೆದುಕೊಂಡು ಕೂತಳು. ಆದ್ಯಳ ಹತ್ತಿರ ಏನೋ ಕೇಳಿದಳು, ಆದ್ಯ ನನ್ನ ಕಡೆ ತಿರುಗಿದಳು.

"ಅಜ್ಜಿ, ಕಥೆಯಲ್ಲಿ ಒಂದು ಕಡೆ ತೂತು ಉಂಟಂತೆ. ಒಂದು ವಾರದಿಂದ ನಿದ್ದೆ ಬರ್ಲಿಲ್ಲವಂತೆ."

ಸಿಕ್ಕಿಬಿದ್ದೆ ಎಂದುಕೊಂಡೆ. ಹೊಳೆ ಒಣಗುವುದೆಂದರೇನು ಎಂದು ಕೇಳುತ್ತಾಳೆ, ನಲವತ್ತೈದು ವರ್ಷದ ಕಸುಬಿನವಳಲ್ಲವಾ. ಉತ್ತರವನ್ನೂ ಮನಸ್ಸಿನಲ್ಲಿ ಹೊಂದಿಸಿಕೊಂಡೆ, ಆ ವರ್ಷ ಮಳೆ ಬರಲಿಲ್ಲ ಅಂತ.

"ಮೂರನೇ ಹೊಳೆಯಾ?"

"ನೋ ನೋ, ಅದು ಚೆಂದ ಉಂಟಂತೆ. ಬಾಗಿಲಿನ ಹತ್ತಿರ. ಅಮ್ಮ ಯಾರು ಅಂತ ಕೇಳಿದ್ಲು, ಅಲ್ವಾ? ಆಮೇಲೆ ಬಾಗಿಲು ಓಪನ್ ಆಯ್ತು. ನಡುವೆ ದುಗ್ಗು ಎಂತ ಹೇಳಿದ್ದು?"

ಎಂತ ಹೇಳಿದ್ದು? 'ನಾನು ದುಗ್ಗು' ಅಂತ ಅವಳು ಹೇಳಿದ್ದು ಎಂದು ಹೇಳಲಿಕ್ಕೆ ಹೋದವಳು ಅಲ್ಲೇ ನಿಂತೆ. ಅವಳು ಹೆಸರು ಹೇಳಿರಲಿಕ್ಕೆ ಸಾಧ್ಯವಿಲ್ಲ. ಹೆಸರು ಹೊಳೆಗೆ ಹೋಗಿತ್ತು. ಅದು ಈ ಕೋಣೆಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ. ಹಾಗಾದರೆ ದುಗ್ಗು ಎಂತ ಹೇಳಿದಳು? ಅಮ್ಮ ನನಗೆ ಹೇಳಿದ್ದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ. ಯಾರು ಅಂದಳು, ಬಾಗಿಲು ತೆರೆಯಿತು. ಯಾರು ಅಂದಳು, ಬಾಗಿಲು ತೆರೆಯಿತು. ನಡುವೆ ಒಂದು ಸಾಲಿನ ಜಾಗ. ಐವತ್ತೈದು ವರ್ಷ ನಾನು ಆ ತೂತಿನ ಮೇಲೆ ಕಾಲಿಟ್ಟು ದಾಟಿದ್ದೇನೆ, ಒಮ್ಮೆಯೂ ಕೆಳಗೆ ನೋಡಿರಲಿಲ್ಲ. ಚಿಕ್ಕಮ್ಮನಿಗೆ ಒಂದು ಗಂಟು ಕೊಡಲಿಲ್ಲ. ನನಗೆ ಇನ್ನೊಂದು ಗಂಟು ಕೊಡಲಿಲ್ಲ. ಅಮ್ಮ ನನ್ನನ್ನೂ ನಂಬಿರಲಿಲ್ಲ.

ಆಗ ನನಗೆ ಒಂದು ದಿನ ನೆನಪಾಯಿತು. ಮದುವೆಯಾಗಿ ಮೂರು ತಿಂಗಳು. ಗಂಡನ ಮನೆಯಲ್ಲಿ ಜಗಳ ಮಾಡಿ, ಹಿಂದಿನ ದಿನದಿಂದ ಹೊಟ್ಟೆಗೆ ಏನೂ ಬೀಳದೆ, ಬಿಸಿಲಲ್ಲಿ ನಡೆದು ಬಂದು ಅಮ್ಮನ ಅದೇ ಅಗುಳಿ ಹಾಕಿದ ಬಾಗಿಲು ತಟ್ಟಿದ್ದೆ. ಯಾರು ಎಂದು ಕೇಳಿದಳು. ಕಲಿಸಿದ ಹಾಗೆ ಹೆಸರು ಹೇಳಿದೆ.

"ಗುಲಾಬಿ."

"ಯಾರೊಟ್ಟಿಗೆ ಬಂದೆ?"

"ಒಬ್ಬಳೇ."

ಆಮೇಲೆ ಬಾಗಿಲು ತೆರೆದಳು, ಒಂದು ತುಂಡು ಬೆಲ್ಲ, ಒಂದು ಲೋಟ ನೀರು ಕೊಟ್ಟಳು, ಸೆರಗು ಹೊದ್ದು ಹೊರಟು, ಕತ್ತಲಾಗುವ ಮೊದಲು ನನ್ನನ್ನು ತಾನೇ ನಡೆಸಿಕೊಂಡು ಹೋಗಿ ಆ ಮನೆಗೆ ಬಿಟ್ಟು ಬಂದಳು. ಊಟ ಆಯ್ತಾ ಎಂದು ಅವಳು ಕೇಳಲಿಲ್ಲ. ನಾನೂ ಹೇಳಲಿಲ್ಲ.

ನೆಲ್ಲಮ್ಮ ಕಾಯುತ್ತಾ ಇದ್ದಳು. ಬಸಳೆ ಮುರಿಯುವ ಕೈ ನಿಂತಿತ್ತು. ನನಗೆ ಇನ್ನು ಏನನ್ನು ಕಾಯುವುದು ಅನ್ನಿಸಿತು, ಯಾರಿಗಾಗಿ ಕಾಯುವುದು?

"ಆದ್ಯ, ಅವಳಿಗೆ ಹೇಳು. ಮೂರನೇ ಹೊಳೆ ಒಣಗಿರಲಿಲ್ಲ. ಅಜ್ಜಿ ಸುಳ್ಳು ಹೇಳಿದ್ದು. ಅದು ದುಗ್ಗುವಿನ ಹೆಸರು ತೆಗೆದುಕೊಂಡಿತು. ಅವಳು ಬಾಗಿಲಲ್ಲಿ ಎಂತ ಹೇಳಿದಳೂಂತ ನನಗೆ ಗೊತ್ತಿಲ್ಲ. ನನ್ನ ಅಮ್ಮ ನನಗೆ ಕೊಡಲಿಲ್ಲ."

ಮಗು ಇಂಗ್ಲಿಷು ಮಾಡಲಿಲ್ಲ. ನನ್ನ ಮುಖವನ್ನೇ ನೋಡಿತು, ಇಷ್ಟು ಸಣ್ಣ ವಿಷಯಕ್ಕೆ ಅಜ್ಜಿ ಯಾಕೆ ಅಳುತ್ತಾಳೆ ಅನ್ನುವ ಹಾಗೆ.

"ಅಯ್ಯೋ ಅಜ್ಜಿ, ಅದು ನಂಗೆ ಗೊತ್ತುಂಟಲ್ಲ. ಬಡವಾಪುಂಡು ಅಂತ ಹೇಳಿದ್ದು."

ನಾನು ಅತ್ತೆನಾ ನಕ್ಕೆನಾ ಗೊತ್ತಿಲ್ಲ. ಮಗುವನ್ನು ಎಳೆದು ಮುದ್ದು ಮಾಡಿದ ರಭಸಕ್ಕೆ ಬಸಳೆಯ ಬುಟ್ಟಿ ಮಗುಚಿತು. ಆದ್ಯ ನನ್ನ ಕಂಕುಳ ಸಂದಿಯಿಂದಲೇ ನೆಲ್ಲಮ್ಮನಿಗೆ ಎಲ್ಲ ಹೇಳಿದಳು, ನನ್ನ ಸುಳ್ಳನ್ನೂ ಹೇಳಿದಳು. ನೆಲ್ಲಮ್ಮ ಮೊಣಕಾಲು ಬಡಿದುಕೊಂಡು ನಕ್ಕಳು. ಒಣಗಿದ ಹೊಳೆಯನ್ನು ಅವಳು ಪೂರ್ತಿ ನಂಬಿಬಿಟ್ಟಿದ್ದಳಂತೆ! ಅವಳ ಕಡೆಯ ಒಬ್ಬ ದನ ಕಾಯುವವನೂ ಕೊನೆಯ ಸಾಲು ಕೊಡದೆ ಸತ್ತನಂತೆ. ಮರುದಿನ ಹಾಲ್‌ನಲ್ಲಿ ನೆಲ್ಲಮ್ಮ ಮೊದಲು ನನ್ನ ಅಮ್ಮನ ಹೆಸರು, ಆಮೇಲೆ ನನ್ನ ಹೆಸರು ಹೇಳಿದಳು. ಆಮೇಲೆ, ಬಾಗಿಲಿನ ಸಾಲು ಆದ್ಯಳದ್ದು ಎಂದಳು. ನನ್ನ ಪಕ್ಕ ಕೂತ ಶೋಭಾ ನನ್ನ ಕೈಯನ್ನು ಹಿಂಡಿದ ರೀತಿ ಈಗಲೂ ಬೆರಳಲ್ಲಿ ಉಂಟು. ಅಲ್ಲೂ ನಾನು, ಹೊರಡುವಾಗ ನೆಲ್ಲಮ್ಮ ಬೇರೇನನ್ನಾದರೂ ಎತ್ತಿಕೊಂಡಳಾ ಎಂದು ಒಮ್ಮೆ ನೋಡಿದೆ. ಹುಟ್ಟುಗುಣ.

ಅದಾದ ಮುಂದಿನ ವಾರ ಮಧ್ಯಾಹ್ನ ನಾನೊಬ್ಬಳೇ ಇದ್ದೆ. ಮಗುವಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ಬೆಲ್ಲು ಹೊಡೆಯಿತು.

"ಯಾರದು?"

ಹೊರಗಿಂದ ಒಂದು ಮುದಿ ದನಿ, ನಾಲಗೆ ತಿರುಗದೆ, ಬಿಡಿಸಿ ಬಿಡಿಸಿ ಹೇಳಿತು.

"ಬಡ... ವಾ... ಪುಂಡು."

ಗಾಜಿನ ಕಣ್ಣಿನಲ್ಲಿ ನೋಡಬೇಕೆಂದು ನನಗೆ ನೆನಪಾಗುವಷ್ಟರಲ್ಲಿ ಸರಪಳಿ ಕೆಳಗೆ ಜೋಲಾಡುತ್ತಿತ್ತು, ನೆಲ್ಲಮ್ಮ ಒಳಗಿದ್ದಳು, ನಾನು ಒಲೆಯ ಮೇಲೆ ಕಾವಲಿ ಇಟ್ಟಾಗಿತ್ತು. ಹಿಟ್ಟು ಹೊಯ್ದು ಮುಚ್ಚಿ ನಿಂತಾಗ ನನಗೆ ಗೊತ್ತಾಯಿತು, ಅಮ್ಮ ಆ ಸಾಲನ್ನು ಮಗಳಿಂದ ಯಾಕೆ ಅಡಗಿಸಿ ಇಟ್ಟಳು ಅಂತ. ಹಸಿವೆಂದು ಬಂದವಳನ್ನು ಕೂರಿಸಿ ಬಡಿಸಬೇಕು, ಹೆಸರು ಹೇಳಿ ಬಂದವಳನ್ನು ವಾಪಸು ಬಿಟ್ಟು ಬರಬಹುದು.